ಇಬ್ಬರಲ್ಲಿ ಯಾರು? ಪ್ರೇಮಚಿತ್ರಗಳಲ್ಲಿ ಆ ಆಯ್ಕೆ ಯಾಕಷ್ಟು ಕಷ್ಟ

2023ರಲ್ಲಿ ಎರಡು ಪ್ರೇಮಕಥೆಗಳು ತೆರೆಗೆ ಬಂದವು. ಒಂದು ನಮ್ಮ ‘ಸಪ್ತ ಸಾಗರದಾಚೆ ಎಲ್ಲೋ’, ಎರಡು ಭಾಗಗಳಲ್ಲಿ. ಇನ್ನೊಂದು ಅಮೆರಿಕದ ‘ಪಾಸ್ಟ್ ಲೈವ್ಸ್’. ಹೇಮಂತ್ ರಾವ್ ಅವರ ಕಥೆಯಲ್ಲಿ ಮನು ಜೈಲಿನಿಂದ ಹೊರಗೆ ಬರುವಷ್ಟರಲ್ಲಿ ಪ್ರಿಯಾಗೆ ಮದುವೆಯಾಗಿ ಮಗುವೂ ಆಗಿದೆ. ಆಮೇಲೆ ಮನುವಿನ ಬದುಕಿಗೆ ಸುರಭಿ ಬರುತ್ತಾಳೆ. ಸೆಲೀನ್ ಸಾಂಗ್ ಅವರ ಕಥೆಯಲ್ಲಿ ನೋರಾ ನ್ಯೂಯಾರ್ಕಿನಲ್ಲಿ ಗಂಡನ ಜೊತೆ ಚೆನ್ನಾಗಿಯೇ ಇದ್ದಾಳೆ. ಅವಳನ್ನು ನೋಡಲು ಬಾಲ್ಯದ ಗೆಳೆಯ ಹೇ ಸಂಗ್ ಕೊರಿಯಾದಿಂದ ಬರುತ್ತಾನೆ.

ಎರಡೂ ಕಥೆಗಳಲ್ಲಿ ಖಳನಾಯಕ ಅಡ್ಡ ಬಂದು ಪ್ರೇಮಿಗಳನ್ನು ಬೇರೆ ಮಾಡುವುದಿಲ್ಲ. ಮೂವರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಆದರೂ ನೋಡುವವರ ಹೊಟ್ಟೆಯಲ್ಲಿ ಸಂಕಟ. ಒಬ್ಬರನ್ನು ಆರಿಸಿಕೊಂಡರೆ ಮುಗಿಯಿತಲ್ವಾ, ಇದರಲ್ಲಿ ಏನು ಕಷ್ಟ ಅಂತ ಕೇಳುವವರೂ ಇದ್ದಾರೆ. ಕಷ್ಟ ಎಲ್ಲಿದೆ, ಸಿನಿಮಾಗಳು ಅದನ್ನು ಹೇಗೆ ತೋರಿಸುತ್ತವೆ, ಬಹಳ ಸಲ ಹೇಗೆ ತಪ್ಪಿಸಿಕೊಳ್ಳುತ್ತವೆ ಎಂದು ಬುಡದಿಂದ ನೋಡೋಣ.

## ಎಲ್ಲ ತ್ರಿಕೋನವೂ ಒಂದೇ ಅಲ್ಲ

ಮೂವರು ಇರುವ ಪ್ರೇಮಕಥೆಗೆಲ್ಲ ನಾವು ‘ತ್ರಿಕೋನ ಪ್ರೇಮ’ ಎಂದು ಹೆಸರಿಡುತ್ತೇವೆ. ಆದರೆ ಎಲ್ಲದರಲ್ಲೂ ಆಯ್ಕೆಯ ಪ್ರಶ್ನೆ ಇರುವುದಿಲ್ಲ. 1984ರ ‘ಬಂಧನ’ದಲ್ಲಿ ಡಾಕ್ಟರ್ ಹರೀಶ್ ನಂದಿನಿಯನ್ನು ಪ್ರೀತಿಸುತ್ತಾನೆ. ಆದರೆ ಅವಳ ಮನಸ್ಸಿನಲ್ಲಿ ಇರುವವನು ಬೇರೆ. ಅಲ್ಲಿ ನೋವೆಲ್ಲ ಹರೀಶನದು. ನಂದಿನಿ ಇಬ್ಬರ ನಡುವೆ ತೂಗಾಡುವುದೇ ಇಲ್ಲ. ಇದು ಒಂದು ಕಡೆಯ ಪ್ರೀತಿಯ ಕಥೆ.

ಈ ಲೇಖನ ಹೇಳುತ್ತಿರುವುದು ಇನ್ನೊಂದು ಬಗೆಯ ಕಥೆಯ ಬಗ್ಗೆ. ನಡುವೆ ನಿಂತವರಿಗೆ ಎರಡೂ ಕಡೆ ನಿಜವಾದ ಸೆಳೆತ ಇರಬೇಕು. ಎರಡೂ ಕಡೆಯಿಂದ ಪ್ರೀತಿ ವಾಪಸ್ ಬರುತ್ತಿರಬೇಕು. ಇಬ್ಬರನ್ನೂ ಇಟ್ಟುಕೊಳ್ಳಲು ಸಾಧ್ಯ ಇರಬಾರದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆಯ್ಕೆಯ ಗಂಟು ಬೀಳುವುದಿಲ್ಲ.

## ಆರಿಸುವ ಹಕ್ಕು ಎಲ್ಲಿಂದ ಬಂತು

ಮೂರನೆಯ ಷರತ್ತು ನಾವು ಅಂದುಕೊಂಡಷ್ಟು ಹಳೆಯದಲ್ಲ. ಹಳೆಯ ರಾಜರ ಕಥೆಗಳಲ್ಲಿ ಗಂಡಸು ಎರಡನೆಯವಳನ್ನು ಮೆಚ್ಚಿದರೆ ಅವಳೂ ರಾಣಿಯಾಗುತ್ತಾಳೆ. ಕೃಷ್ಣನಿಗೆ ರುಕ್ಮಿಣಿಯೂ ಬೇಕು, ಸತ್ಯಭಾಮೆಯೂ ಬೇಕು. ಅಲ್ಲಿ ಜಗಳ ಪಾರಿಜಾತದ ಹೂವಿಗೆ. ಯಾರನ್ನು ಬಿಡಬೇಕು ಎಂಬ ಮಾತೇ ಬರುವುದಿಲ್ಲ. ಹಿಂದೂ ಗಂಡಸಿಗೆ ಒಬ್ಬಳೇ ಹೆಂಡತಿ ಎಂದು ದೇಶದ ಎಲ್ಲ ಕಡೆ ಕಾನೂನು ಗಟ್ಟಿಯಾದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಆಮೇಲಿನ ಸಾಮಾಜಿಕ ಸಿನಿಮಾದ ನಾಯಕನಿಗೆ ‘ಇಬ್ಬರೂ ಇರಲಿ’ ಎಂಬ ದಾರಿ ಕಾನೂನಿನಲ್ಲೇ ಮುಚ್ಚಿಹೋಯಿತು.

ಹೆಣ್ಣಿನ ಕಡೆಯ ಸಮಸ್ಯೆ ಬೇರೆ. ಅವಳಿಗೆ ಆರಿಸುವ ಹಕ್ಕೇ ಇರಲಿಲ್ಲ. ಇದ್ದ ಕಡೆಯೂ ಕಥೆ ಅವಳಿಗೆ ಸರಿ ಉತ್ತರ ಒಂದೇ ಇಟ್ಟಿರುತ್ತಿತ್ತು. ದಮಯಂತಿಯ ಸ್ವಯಂವರ ನೆನಪು ಮಾಡಿಕೊಳ್ಳಿ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದು ಕೂತಿದ್ದಾರೆ. ಅವಳ ಎದುರು ಐವರು ನಳರು. ಅವಳು ನೋಡುತ್ತಾಳೆ: ನಾಲ್ವರಿಗೆ ಬೆವರಿಲ್ಲ, ನೆರಳಿಲ್ಲ, ಕಣ್ಣು ಮಿಟುಕುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಐದನೆಯವನು ಬೆವರುತ್ತಿದ್ದಾನೆ. ಹಾರ ಅವನಿಗೆ. ಕನಕದಾಸರ ‘ನಳಚರಿತ್ರೆ’ಯಿಂದ ಯಕ್ಷಗಾನದವರೆಗೆ ನಾವು ಪ್ರೀತಿಯಿಂದ ಕೇಳಿಕೊಂಡು ಬಂದ ಕಥೆ ಇದು. ಆದರೆ ಇಲ್ಲಿ ಅವಳ ಕಷ್ಟ ಗುರುತು ಹಿಡಿಯುವುದು ಮಾತ್ರ. ಯಾರು ಬೇಕು ಎಂದು ಅವಳಿಗೆ ಮೊದಲೇ ಗೊತ್ತು.

ಯಾರು ಬೇಕು ಎಂದೇ ಗೊತ್ತಾಗದ ಹೆಣ್ಣನ್ನು ಕನ್ನಡದಲ್ಲಿ ನೇರವಾಗಿ ಎದುರಿಗೆ ತಂದು ನಿಲ್ಲಿಸಿದ್ದು ಗಿರೀಶ್ ಕಾರ್ನಾಡರ ‘ಹಯವದನ’. 1971ರ ನಾಟಕ. ಇದು ಸಿನಿಮಾ ಅಲ್ಲ, ಆದರೂ ಈ ವಿಷಯ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಪದ್ಮಿನಿಯ ಗಂಡ ದೇವದತ್ತ ಓದಿದವನು, ಕವಿ, ಮೆತ್ತನೆಯ ಮೈ. ಅವನ ಗೆಳೆಯ ಕಪಿಲ ಗಟ್ಟಿ ಆಳು. ಅವಳಿಗೆ ಇಬ್ಬರೂ ಬೇಕು. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಂಡಾಗ, ಜೋಡಿಸುವ ಅವಸರದಲ್ಲಿ ಅವಳು ತಲೆಗಳನ್ನು ಅದಲು ಬದಲು ಮಾಡುತ್ತಾಳೆ. ಈಗ ಅವಳಿಗೆ ಸಿಕ್ಕವನಿಗೆ ದೇವದತ್ತನ ತಲೆ, ಕಪಿಲನ ಮೈ. ಎರಡೂ ಒಬ್ಬನಲ್ಲೇ ಸಿಕ್ಕಿತು ಅಂತ ಅವಳಿಗೆ ಖುಷಿ. ಆದರೆ ದಿನ ಕಳೆದ ಹಾಗೆ ಆ ಮೈ ತಲೆಯ ಮಾತು ಕೇಳಿ ಮತ್ತೆ ಮೆತ್ತಗಾಗುತ್ತದೆ. ಅವಳು ಮತ್ತೆ ಕಾಡಿನ ದಾರಿ ಹಿಡಿಯುತ್ತಾಳೆ, ಕಪಿಲನ ಕಡೆಗೆ.

ಕಾರ್ನಾಡರು ಬೇತಾಳನ ಹಳೆಯ ಒಗಟನ್ನು ತೆಗೆದುಕೊಂಡು ಅದರ ಆಚೆಗೆ ಹೋದರು. ‘ಗಂಡ ಯಾರು’ ಎಂಬ ಪ್ರಶ್ನೆಗೆ ಬೇತಾಳನ ಕಥೆಯಲ್ಲಿ ಉತ್ತರವಿದೆ: ತಲೆ ಯಾರದೋ ಅವನೇ ಗಂಡ. ‘ನನಗೆ ಬೇಕಾದದ್ದು ಏನು’ ಎಂಬ ಪದ್ಮಿನಿಯ ಪ್ರಶ್ನೆಗೆ ಅಂಥ ಉತ್ತರ ಸಿಗುವುದಿಲ್ಲ.

## ಮನಸ್ಸು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ

ಇಷ್ಟವಾದ ಎರಡರಲ್ಲಿ ಒಂದನ್ನು ಆರಿಸುವುದು ಕಷ್ಟ ಯಾಕೆ ಎಂಬುದನ್ನು ಮನಶ್ಶಾಸ್ತ್ರ ಬಹಳ ಹಿಂದೆಯೇ ಯೋಚಿಸಿದೆ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಕರ್ಟ್ ಲೆವಿನ್ 1930ರ ದಶಕದಲ್ಲಿ ಮನಸ್ಸಿನ ಇಕ್ಕಟ್ಟುಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ಎರಡೂ ಬೇಕೆನಿಸುವ ಇಕ್ಕಟ್ಟು ಒಂದು. ಎರಡೂ ಬೇಡವೆನಿಸುವ ಇಕ್ಕಟ್ಟು ಇನ್ನೊಂದು. ಒಂದೇ ವಿಷಯ ಬೇಕೂ ಅನಿಸಿ ಭಯವೂ ಆಗುವುದು ಮೂರನೆಯದು.

ಎರಡೂ ಬರೀ ಚೆಂದವಿದ್ದರೆ ಕಷ್ಟ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಸೀರೆ ಅಂಗಡಿಯಲ್ಲಿ ಎರಡು ಸೀರೆ ಹಿಡಿಸಿದರೆ ಸ್ವಲ್ಪ ಹೊತ್ತು ಒದ್ದಾಡಿ ಒಂದನ್ನು ಕಟ್ಟಿಸಿಕೊಂಡು ಬರುತ್ತೇವೆ. ಮನುಷ್ಯರ ವಿಷಯದಲ್ಲಿ ಹಾಗಾಗದಿರಲು ಕಾರಣ, ಇಬ್ಬರಲ್ಲೂ ಸೆಳೆಯುವುದೂ ಇದೆ, ಹಿಂದೆ ತಳ್ಳುವುದೂ ಇದೆ. ಲೆವಿನ್ ಹಾದಿಯಲ್ಲಿ ಮುಂದೆ ಹೋದ ನೀಲ್ ಮಿಲ್ಲರ್ ಒಂದು ಮುಖ್ಯ ಮಾತು ಸೇರಿಸಿದರು. ಗುರಿಗೆ ಹತ್ತಿರ ಹೋದಷ್ಟೂ ಆಸೆ ಹೆಚ್ಚುತ್ತದೆ, ಆದರೆ ಅಂಜಿಕೆ ಅದಕ್ಕಿಂತ ಬೇಗ ಹೆಚ್ಚುತ್ತದೆ. ದೂರದಲ್ಲಿದ್ದಾಗ ಆಸೆಯೇ ದೊಡ್ಡದು. ಎದುರಿಗೆ ಹೋಗಿ ನಿಂತಾಗ ಅಂಜಿಕೆಯೇ ದೊಡ್ಡದು.

ಪ್ರೇಮಚಿತ್ರದ ನಡುಭಾಗ ನಡೆಯುವುದೇ ಇದರ ಮೇಲೆ. ನಾಯಕಿ ಒಬ್ಬನಿಗೆ ಹೂಂ ಅನ್ನುವಷ್ಟರಲ್ಲಿ ಅವನ ಕೊರತೆ ಕಣ್ಣಿಗೆ ಬೀಳುತ್ತದೆ. ಇನ್ನೊಬ್ಬ ದೂರದಲ್ಲಿದ್ದಾನೆ, ಹಾಗಾಗಿ ಅವನ ಒಳ್ಳೆಯತನವೇ ಕಾಣುತ್ತದೆ. ಅವನ ಹತ್ತಿರ ಹೋದರೆ ಲೆಕ್ಕ ತಿರುಗುಮುರುಗು. ಚಿತ್ರಕಥೆ ಬರೆಯುವವರು ಇದನ್ನು ಎಳೆಯುತ್ತಾರೆ ಎಂದು ನಾವು ದೂರುವುದುಂಟು. ಆದರೆ ಈ ತೂಗಾಟ ಮನಸ್ಸಿನಲ್ಲಿ ನಿಜವಾಗಿಯೂ ನಡೆಯುವಂಥದ್ದು.

ಎರಡನೆಯ ತೊಡಕು, ಎರಡು ಪ್ರೀತಿಗಳು ಒಂದೇ ಜಾತಿಯವಲ್ಲ. ರಾಬರ್ಟ್ ಸ್ಟರ್ನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರೀತಿಯನ್ನು ಮೂರು ಭಾಗ ಮಾಡಿ ತೋರಿಸಿದರು. ಮನಸ್ಸು ಬಿಚ್ಚಿ ಮಾತಾಡುವ ಆಪ್ತತೆ, ಮೈಮನಸ್ಸನ್ನು ಸೆಳೆಯುವ ಮೋಹ, ಜೊತೆಗಿರುತ್ತೇನೆ ಎಂಬ ನಿರ್ಧಾರ. ಒಬ್ಬರ ಜೊತೆ ಮೂರೂ ಒಂದೇ ಅಳತೆಯಲ್ಲಿ ಇರಬೇಕೆಂದಿಲ್ಲ. ಸಿನಿಮಾದ ಇಬ್ಬರನ್ನು ಈ ಮೂರರಲ್ಲಿ ಇಟ್ಟು ನೋಡಿ. ಬಹಳ ಸಲ ಒಬ್ಬರಲ್ಲಿ ಮೋಹ ಉಕ್ಕುತ್ತಿರುತ್ತದೆ, ಇನ್ನೊಬ್ಬರಲ್ಲಿ ಆಪ್ತತೆ ಮತ್ತು ನಿರ್ಧಾರ ಗಟ್ಟಿಯಾಗಿರುತ್ತವೆ. ಯಾವುದು ಹೆಚ್ಚು ಎಂದು ಅಳೆಯಲು ಒಂದೇ ಕೋಲು ಇಲ್ಲ. ಮಾನವಶಾಸ್ತ್ರಜ್ಞೆ ಹೆಲೆನ್ ಫಿಷರ್ ಕೂಡ ಮೈಯ ಆಸೆ, ಪ್ರಣಯದ ಸೆಳೆತ, ದೀರ್ಘ ಕಾಲದ ನಂಟು ಇವು ಮಿದುಳಿನಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಬಲ್ಲವು ಎಂದು ವಾದಿಸಿದರು. ಅವರ ಪ್ರಕಾರ ಒಬ್ಬರ ಜೊತೆ ಗಾಢ ನಂಟು ಇದ್ದಾಗಲೇ ಇನ್ನೊಬ್ಬರ ಮೇಲೆ ಸೆಳೆತ ಹುಟ್ಟಬಹುದು. ‘ನಿಜವಾದ ಪ್ರೀತಿಯಾಗಿದ್ದರೆ ಇನ್ನೊಬ್ಬರು ಕಾಣಿಸುತ್ತಲೇ ಇರಲಿಲ್ಲ’ ಎಂಬ ಸಿನಿಮಾ ಮಾತನ್ನು ಇದು ಒಪ್ಪುವುದಿಲ್ಲ.

ಮೂರನೆಯದು ಕಳೆದುಕೊಳ್ಳುವ ಭಯ. ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಬಂದದ್ದರ ಖುಷಿಗಿಂತ ಹೋದದ್ದರ ನೋವು ಮನಸ್ಸಿಗೆ ಭಾರ ಎಂಬುದು ಅದರ ಒಂದು ಮುಖ್ಯ ಅಂಶ. ಅವರು ನೋಡಿದ್ದು ಹಣದ ವಿಷಯದ ನಿರ್ಧಾರಗಳನ್ನು. ಆದರೆ ಇಬ್ಬರ ನಡುವೆ ನಿಂತವರಿಗೂ ಸಿಗುವವರಿಗಿಂತ ಬಿಟ್ಟುಹೋಗುವವರೇ ದೊಡ್ಡದಾಗಿ ಕಾಣುವುದು ಇದೇ ದಾರಿಯಲ್ಲಿ ಅರ್ಥವಾಗುತ್ತದೆ. ಅಲ್ಲಿ ಬಿಟ್ಟುಹೋಗುವುದು ಬರೀ ಮನುಷ್ಯ ಅಲ್ಲ. ಅವರ ಜೊತೆ ನಾವು ಆಗಬಹುದಾಗಿದ್ದ ಇನ್ನೊಂದು ‘ನಾನು’ ಕೂಡ ಹೋಗುತ್ತದೆ. ನೋರಾ ಹನ್ನೆರಡು ವರ್ಷದವಳಿದ್ದಾಗ ಸಿಯೋಲ್ ಬಿಟ್ಟವಳು. ಹೇ ಸಂಗ್ ಎದುರಿಗೆ ನಿಂತಾಗ ಅವಳಿಗೆ ಕಾಣುವುದು ಅವನೊಬ್ಬನೇ ಅಲ್ಲ, ಕೊರಿಯಾದಲ್ಲೇ ಉಳಿದಿದ್ದರೆ ತಾನು ಆಗುತ್ತಿದ್ದ ಹೆಂಗಸು. ಇಬ್ಬರಲ್ಲಿ ಯಾರು ಎಂದು ಕೇಳಿದಾಗ ಒಳಗೆ ಏಳುವ ಪ್ರಶ್ನೆ, ಎರಡು ಬದುಕುಗಳಲ್ಲಿ ಯಾವುದು ಎಂಬುದು.

## ಗಂಟು ಬಿಡಿಸುವ ಸಿನಿಮಾ ದಾರಿಗಳು

ಇಷ್ಟು ಕಷ್ಟದ ಪ್ರಶ್ನೆಯನ್ನು ಎರಡೂವರೆ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಚಿತ್ರರಂಗ ಕೆಲವು ಒಳದಾರಿ ಕಂಡುಕೊಂಡಿದೆ. ಗಮನಿಸಿ ನೋಡಿದರೆ ಬಹುಪಾಲು ದಾರಿಗಳು ಒಂದೇ ಕೆಲಸ ಮಾಡುತ್ತವೆ: ನಡುವೆ ನಿಂತವರ ಕೈಯಿಂದ ಆಯ್ಕೆಯನ್ನು ಕಿತ್ತುಕೊಳ್ಳುತ್ತವೆ.

ಸುಲಭದ ದಾರಿ, ಇಬ್ಬರಲ್ಲಿ ಒಬ್ಬರನ್ನು ಕೆಟ್ಟವರನ್ನಾಗಿ ಮಾಡುವುದು. ಮಧ್ಯಂತರದವರೆಗೆ ಒಳ್ಳೆಯವನಾಗಿದ್ದ ವರ ಆಮೇಲೆ ಇದ್ದಕ್ಕಿದ್ದಂತೆ ಹಣದಾಸೆಯವನು ಎಂದು ಬಯಲಾಗುತ್ತದೆ. ಆಗ ಆಯ್ಕೆಯೇ ಉಳಿಯುವುದಿಲ್ಲ. ಇನ್ನೊಂದು ದಾರಿ ಸಾವು. 1964ರ ಹಿಂದಿ ಚಿತ್ರ ‘ಸಂಗಮ್’ನಲ್ಲಿ ಇಬ್ಬರು ಗೆಳೆಯರ ನಡುವೆ ರಾಧಾ ಸಿಕ್ಕಿಕೊಂಡಿದ್ದಾಳೆ. ಸುಮಾರು ನಾಲ್ಕು ಗಂಟೆಯ ಸಿನಿಮಾ. ಕೊನೆಗೆ ಗೋಪಾಲ್ ತಾನೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಮೂರು ಎರಡಾಯಿತು, ಲೆಕ್ಕ ಸರಿಹೋಯಿತು.

ಕನ್ನಡಿಗರಿಗೆ ಹೆಚ್ಚು ಪ್ರಿಯವಾದ ದಾರಿ ತ್ಯಾಗ. ರಮೇಶ್ ಅರವಿಂದ್ ಅವರಿಗೆ ಪ್ರೇಕ್ಷಕರು ಪ್ರೀತಿಯಿಂದ ‘ತ್ಯಾಗರಾಜ’ ಎಂದು ಹೆಸರಿಟ್ಟಿದ್ದು ಸುಮ್ನೆ ಅಲ್ಲ. ಹುಡುಗಿಯನ್ನು ಬಿಟ್ಟುಕೊಟ್ಟು ನಗುತ್ತಾ ಹಿಂದೆ ಸರಿಯುವ ಪಾತ್ರಗಳು ಅವರಿಗೆ ಅಷ್ಟು ಬಂದವು. ಈ ದಾರಿಯ ಅತಿ ದೊಡ್ಡ ಯಶಸ್ಸು 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’. ಯೋಗರಾಜ್ ಭಟ್ಟರ ಚಿತ್ರ, ವರ್ಷ ದಾಟಿ ಓಡಿತು. ಮಡಿಕೇರಿಗೆ ಮದುವೆಗೆಂದು ಬಂದ ಪ್ರೀತಮ್‌ಗೆ, ತಾನು ಮನಸೋತ ಹುಡುಗಿಯೇ ಮದುವಣಗಿತ್ತಿ ಎಂದು ಗೊತ್ತಾಗುತ್ತದೆ. ಮೊದಮೊದಲು ದೂರ ಇಡುವ ನಂದಿನಿ ಬರಬರುತ್ತಾ ಅವನನ್ನು ಪ್ರೀತಿಸುತ್ತಾಳೆ. ಮದುಮಗ ಗೌತಮ್‌ಗೆ ಕೊಟ್ಟ ಮಾತು ಒಂದು ಕಡೆ, ಈ ಹುಡುಗ ಇನ್ನೊಂದು ಕಡೆ.

ಇಲ್ಲಿಂದ ಮುಂದೆ ಏನಾಗುತ್ತದೆ ಎಂದು ನಿಧಾನವಾಗಿ ನೆನಪಿಸಿಕೊಳ್ಳಿ. ನಂದಿನಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾಳೆ. ಅತ್ತ ಅವಳ ಅಪ್ಪ ಕರ್ನಲ್ ಸುಬ್ಬಯ್ಯ, ಹೃದಯದ ಕಾಯಿಲೆಯವರು, ಮಗಳ ಮದುವೆಯೇ ತಮ್ಮ ಕೊನೆಯ ಆಸೆ ಎಂದು ಪ್ರೀತಮ್ ಹತ್ತಿರ ಹೇಳಿಕೊಳ್ಳುತ್ತಾರೆ. ಪ್ರೀತಮ್ ಹಿಂದೆ ಸರಿಯುತ್ತಾನೆ. ಗೌತಮ್‌ನ ಜೀವವನ್ನೂ ಉಳಿಸುತ್ತಾನೆ. ಮದುವೆ ನಡೆಯುತ್ತದೆ. ನಾವು ಮಳೆಯಲ್ಲಿ ನೆನೆದ ಆ ಹುಡುಗನಿಗಾಗಿ, ಅವನ ಮೊಲ ದೇವದಾಸನಿಗಾಗಿ ಅಳುತ್ತೇವೆ. ನನಗೂ ಆ ಕೊನೆಯ ಭಾಗ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಪ್ರಶ್ನೆ ಇದ್ದದ್ದು ನಂದಿನಿಯದು. ಉತ್ತರ ಕೊಟ್ಟವನು ಪ್ರೀತಮ್, ಅವಳ ಅಪ್ಪನ ಮುಖ ನೋಡಿ. ತ್ಯಾಗದ ಕಥೆಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಲಕ್ಷಣ. ಬಿಟ್ಟುಕೊಡುವವನು ದೊಡ್ಡವನಾಗುತ್ತಾನೆ, ಬಿಟ್ಟುಕೊಡಲ್ಪಟ್ಟವಳಿಗೆ ಏನು ಬೇಕಿತ್ತು ಎಂಬುದು ಮರೆಗೆ ಸರಿಯುತ್ತದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. 1942ರ ‘ಕಾಸಾಬ್ಲಾಂಕಾ’ದಲ್ಲೂ ಹೀಗೇ. ಯುದ್ಧದ ಕಾಲ. ಇಲ್ಸಾಳ ಗಂಡ ವಿಕ್ಟರ್ ನಾಜಿಗಳ ವಿರುದ್ಧ ಹೋರಾಡುತ್ತಿರುವ ನಾಯಕ, ರಿಕ್ ಹಳೆಯ ಪ್ರೇಮಿ. ಇಲ್ಸಾ ಸೋತು ರಿಕ್‌ಗೆ ಹೇಳುತ್ತಾಳೆ, ಇಬ್ಬರ ಪರವಾಗಿ ನೀನೇ ಯೋಚನೆ ಮಾಡು ಎಂದು. ಅವನು ಯೋಚಿಸಿ ಅವಳನ್ನು ಗಂಡನ ಜೊತೆ ವಿಮಾನ ಹತ್ತಿಸುತ್ತಾನೆ. ಶೂಟಿಂಗ್ ನಡೆಯುವಾಗ ಚಿತ್ರಕಥೆ ಪೂರ್ತಿಯಾಗಿರಲಿಲ್ಲ. ನಾನು ಇಬ್ಬರಲ್ಲಿ ಯಾರನ್ನು ಪ್ರೀತಿಸುತ್ತಿದ್ದೇನೆ ಎಂದು ಕೇಳಿದರೆ, ನಡುವೆ ಎಲ್ಲೋ ಇರುವ ಹಾಗೆ ನಟಿಸು ಎಂಬ ಉತ್ತರ ಸಿಕ್ಕಿತು ಎಂದು ಇಲ್ಸಾ ಪಾತ್ರದ ನಟಿ ಇಂಗ್ರಿಡ್ ಬರ್ಗ್‌ಮನ್ ಮುಂದೆ ಹೇಳಿಕೊಂಡರು. ಆ ಮುಖದ ಗೊಂದಲ ಅಷ್ಟು ಸಹಜವಾಗಿ ಕಾಣಲು ಇದೂ ಒಂದು ಕಾರಣ ಇರಬೇಕು.

ಆದರೆ ಕೊನೆ ಏನಾಗಬೇಕು ಎಂಬುದರಲ್ಲಿ ಹಾಲಿವುಡ್‌ಗೆ ಆಗ ಹೆಚ್ಚು ಸ್ವಾತಂತ್ರ್ಯ ಇರಲಿಲ್ಲ. 1934ರಿಂದ ಬಿಗಿಯಾಗಿ ಜಾರಿಗೆ ಬಂದ ನೀತಿ ಸಂಹಿತೆಯೊಂದು ಅಲ್ಲಿನ ಸಿನಿಮಾಗಳನ್ನು ಕಾಯುತ್ತಿತ್ತು. ಮದುವೆಯ ಆಚೆಗಿನ ಸಂಬಂಧ ಸರಿ ಎಂದು ತೋರುವ ಹಾಗೆ ಕಥೆ ಮುಗಿಸುವಂತಿರಲಿಲ್ಲ. ಆ ಸಂಹಿತೆ ಹೋದದ್ದು 1968ರಲ್ಲಿ. ಅಂದರೆ ಗಂಡನ ಬಳಿಗೆ ಹೆಂಡತಿ ವಾಪಸ್ ಹೋಗುವ ಆ ಕಾಲದ ಚಿತ್ರಗಳನ್ನು ನೋಡುವಾಗ, ಅದು ಪಾತ್ರದ ನಿರ್ಧಾರವೋ ನಿಯಮದ ನಿರ್ಧಾರವೋ ಎಂದು ಕೇಳಿಕೊಳ್ಳಬೇಕು.

## ಬಾಗಿಲ ಹಿಡಿಕೆಯ ಮೇಲೆ ಒಂದು ಕೈ

ಆಯ್ಕೆಯನ್ನು ಪಾತ್ರದ ಕೈಯಲ್ಲೇ ಬಿಡುವ ಸಿನಿಮಾಗಳು ಕಡಿಮೆ. ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ 1995ರ ‘ದ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ’ಯ ಒಂದು ದೃಶ್ಯ ಸಾಕು. ನಿರ್ದೇಶನ ಕ್ಲಿಂಟ್ ಈಸ್ಟ್‌ವುಡ್. ಅಯೋವಾದ ರೈತನ ಹೆಂಡತಿ ಫ್ರಾನ್ಸೆಸ್ಕಾ. ಗಂಡ, ಮಕ್ಕಳು ಊರಲ್ಲಿಲ್ಲದ ನಾಲ್ಕು ದಿನ ಅವಳು ಛಾಯಾಗ್ರಾಹಕ ರಾಬರ್ಟ್ ಜೊತೆ ಕಳೆದಿದ್ದಾಳೆ. ಆಮೇಲೊಂದು ದಿನ ಜೋರು ಮಳೆ. ಅವಳು ಗಂಡನ ಪಕ್ಕ ಗಾಡಿಯಲ್ಲಿ ಕೂತಿದ್ದಾಳೆ. ಸಿಗ್ನಲ್‌ನಲ್ಲಿ ಮುಂದೆ ನಿಂತಿರುವುದು ರಾಬರ್ಟ್‌ನ ಟ್ರಕ್. ಅವನು ಅವಳು ಕೊಟ್ಟ ಸರವನ್ನು ಕನ್ನಡಿಗೆ ತೂಗುಹಾಕುತ್ತಾನೆ. ಹಸಿರು ದೀಪ ಬಂದರೂ ಟ್ರಕ್ ಕದಲುವುದಿಲ್ಲ. ಗಂಡ ಹಾರ್ನ್ ಮಾಡುತ್ತಾನೆ. ಅವಳ ಕೈ ಬಾಗಿಲ ಹಿಡಿಕೆಯ ಮೇಲಿದೆ. ಹಿಡಿಕೆ ಸ್ವಲ್ಪ ತಿರುಗುತ್ತದೆ.

ಬಾಗಿಲು ತೆರೆಯುವುದಿಲ್ಲ. ಫ್ರಾನ್ಸೆಸ್ಕಾ ಆಗಿ ನಟಿಸಿದ ಮೆರಿಲ್ ಸ್ಟ್ರೀಪ್ ಅಲ್ಲಿ ಹೆಚ್ಚುಕಡಿಮೆ ಏನೂ ಮಾತಾಡುವುದಿಲ್ಲ. ಮೇಲೆ ಹೇಳಿದ್ದೆಲ್ಲ ಆ ಕೈಯಲ್ಲಿದೆ. ಹತ್ತಿರವಾದಷ್ಟೂ ಜಾಸ್ತಿಯಾಗುವ ಆಸೆ, ಅದಕ್ಕಿಂತ ಬೇಗ ಏರುವ ಅಂಜಿಕೆ, ಎರಡು ಬೇರೆ ಬದುಕು. ಗಂಡ ಕೆಟ್ಟವನಲ್ಲ, ಪ್ರೇಮಿ ಸಾಯುವುದಿಲ್ಲ, ಅವಳ ಪರವಾಗಿ ಯಾರೂ ತ್ಯಾಗ ಮಾಡುವುದಿಲ್ಲ. ನಿರ್ಧಾರ ಅವಳದೇ. ಅದಕ್ಕೇ ಆ ದೃಶ್ಯ ನೋಡುವಾಗ ನಮ್ಮ ಕೈಯೂ ಬಿಗಿಯಾಗುತ್ತದೆ.

ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರವೀಂದ್ರನಾಥ ಠಾಕೂರರ ಕಥೆ. ಒಂಟಿಯಾದ ಹೆಂಡತಿಯ ಮನಸ್ಸು ಗಂಡನ ತಮ್ಮನ ವರಸೆಯ ಹುಡುಗನ ಕಡೆ ವಾಲಿದೆ ಎಂದು ಗಂಡನಿಗೆ ಗೊತ್ತಾಗಿದೆ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೈ ಚಾಚುತ್ತಾರೆ. ಕೈಗಳು ಸೇರುವ ಮೊದಲೇ ಚಿತ್ರ ನಿಂತುಬಿಡುತ್ತದೆ. ಸೇರಿದವೋ ಇಲ್ಲವೋ ರಾಯ್ ಹೇಳುವುದಿಲ್ಲ.

## ಆರಿಸಿದ ಮೇಲಿನ ಬದುಕು

ಬಹಳಷ್ಟು ಪ್ರೇಮಚಿತ್ರಗಳು ಆಯ್ಕೆ ಆದ ಕೂಡಲೇ ಮುಗಿಯುತ್ತವೆ. ನಿಜವಾದ ಮನಸ್ಸಿನ ಕೆಲಸ ಶುರುವಾಗುವುದು ಆಮೇಲೆ. ಜ್ಯಾಕ್ ಬ್ರೆಮ್ ಎಂಬವರು 1956ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಹಳ ಪ್ರಸಿದ್ಧ. ಹೆಣ್ಣುಮಕ್ಕಳಿಗೆ ಕೆಲವು ಮನೆಬಳಕೆಯ ವಸ್ತುಗಳನ್ನು ತೋರಿಸಿ, ಯಾವುದು ಎಷ್ಟು ಇಷ್ಟ ಎಂದು ಕೇಳಿದರು. ಆಮೇಲೆ ಎರಡನ್ನು ಮುಂದಿಟ್ಟು, ಒಂದನ್ನು ತೆಗೆದುಕೊಳ್ಳಿ ಎಂದರು. ಕೊನೆಗೆ ಮತ್ತೆ ಅಂಕ ಕೊಡಿಸಿದರು. ತಾವು ಆರಿಸಿಕೊಂಡದ್ದು ಅವರಿಗೆ ಮೊದಲಿಗಿಂತ ಹೆಚ್ಚು ಇಷ್ಟವಾಗಿತ್ತು. ಬಿಟ್ಟದ್ದರ ಬೆಲೆ ಇಳಿದಿತ್ತು. ಆಯ್ಕೆ ಮಾಡಿದ ಮೇಲೆ ಮನಸ್ಸು ಅದನ್ನು ಸರಿ ಎಂದು ಒಪ್ಪಿಸಿಕೊಳ್ಳಲು ದುಡಿಯುತ್ತದೆ. ಲಿಯಾನ್ ಫೆಸ್ಟಿಂಗರ್ ಮುಂದಿನ ವರ್ಷ ಪುಸ್ತಕವಾಗಿ ಬರೆದ ಮನಸ್ಸಿನ ಅಸಂಗತಿಯ ಸಿದ್ಧಾಂತಕ್ಕೆ ಇಂಥ ಪ್ರಯೋಗಗಳು ಬಲ ಕೊಟ್ಟವು.

ಹಾಗಾದರೆ ಕೆಲವರಿಗೆ ಹಳೆಯ ಪ್ರೀತಿ ವರ್ಷಗಟ್ಟಲೆ ಕಾಡುವುದು ಯಾಕೆ? ನಾವೇ ಆರಿಸಿದ್ದರೆ ಮನಸ್ಸು ಆ ಆಯ್ಕೆಯ ಪರ ವಾದಿಸುತ್ತದೆ. ಬೇರೆಯವರು ಆರಿಸಿ ಕೊಟ್ಟಿದ್ದರೆ ಆ ವಾದ ಹುಟ್ಟುವುದು ಕಷ್ಟ. ಕನ್ನಡದಲ್ಲಿ ಇದನ್ನು ಅತ್ಯಂತ ಸೊಗಸಾಗಿ ತೋರಿಸಿದ್ದು 1974ರ ‘ಎರಡು ಕನಸು’. ವಾಣಿಯವರ ಕಾದಂಬರಿ, ದೊರೆ–ಭಗವಾನ್ ನಿರ್ದೇಶನ. ರಾಮಚಂದ್ರ ರಾಯರಿಗೆ ಲಲಿತೆಯ ಮೇಲೆ ಪ್ರೀತಿ. ಮನೆಯವರ ಮನಸ್ತಾಪದಿಂದ ಅದು ಮುರಿದುಬೀಳುತ್ತದೆ. ಮನೆಯವರ ಮಾತಿಗೆ ಕಟ್ಟುಬಿದ್ದು ಗೌರಿಯನ್ನು ಮದುವೆಯಾಗುತ್ತಾರೆ. ಲಲಿತೆಯನ್ನು ತಾವಾಗಿ ಬಿಟ್ಟವರಲ್ಲ, ಗೌರಿಯನ್ನು ತಾವಾಗಿ ಒಪ್ಪಿದವರೂ ಅಲ್ಲ. ಅದಕ್ಕೇ ಒಂದೇ ಮನೆಯಲ್ಲಿ ಇದ್ದರೂ ಹೆಂಡತಿಯ ಕಡೆ ಕಣ್ಣೆತ್ತಿ ನೋಡಲು ಆಗುವುದಿಲ್ಲ. ಕಲ್ಪನಾ ಅವರ ಗೌರಿ ಪೂಜೆಗೆ ಹೂವು ತಂದು ನಿಲ್ಲುತ್ತಾಳೆ, ಬಾಗಿಲು ಮುಚ್ಚಿದೆ ಎಂದು ಹಾಡಿನಲ್ಲೇ ಹೇಳಿಕೊಳ್ಳುತ್ತಾಳೆ. ಮುಂದೆ ಲಲಿತೆ ತನ್ನ ಸಂಸಾರದಲ್ಲಿ ಸುಖವಾಗಿರುವುದನ್ನು ಕಣ್ಣಾರೆ ನೋಡಿದ ಮೇಲೆ ರಾಯರ ಮನಸ್ಸು ತಿರುಗುತ್ತದೆ. ಗೌರಿಯನ್ನು ಅವರು ನಿಜವಾಗಿ ಆರಿಸಿಕೊಳ್ಳುವುದು ಆಗ, ಮದುವೆಯಾಗಿ ಎಷ್ಟೋ ಕಾಲದ ನಂತರ.

‘ಪಾಸ್ಟ್ ಲೈವ್ಸ್’ನ ನೋರಾ ಇದಕ್ಕೆ ಉಲ್ಟಾ. ಅವಳು ತಾನೇ ಆರಿಸಿದವಳು, ಆ ಆಯ್ಕೆ ತಪ್ಪು ಎಂದೂ ಅವಳಿಗೆ ಅನಿಸಿಲ್ಲ. ಆದರೂ ಹೇ ಸಂಗ್‌ನನ್ನು ಕಾರು ಹತ್ತಿಸಿ ಬಂದು ಗಂಡ ಆರ್ಥರ್‌ನ ತೋಳಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆಯ್ಕೆ ಸರಿಯಾಗಿದ್ದರೆ ದುಃಖ ಇರಬಾರದು ಎಂದುಕೊಂಡವರಿಗೆ ಈ ಅಳು ಗೊಂದಲ ಹುಟ್ಟಿಸುತ್ತದೆ. ಆದರೆ ಎರಡೂ ಒಟ್ಟಿಗೆ ಇರಬಹುದು. ಪಡೆದದ್ದು ಬೇಕಾದದ್ದೇ, ಬಿಟ್ಟದ್ದೂ ಬೆಲೆಯುಳ್ಳದ್ದೇ.

ಇನ್ನು ‘ಸಪ್ತ ಸಾಗರದಾಚೆ ಎಲ್ಲೋ’ದ ಮನು. ಅವನ ಮೊದಲ ಪ್ರೀತಿಯನ್ನು ಕಿತ್ತುಕೊಂಡದ್ದು ಜೈಲು. ರಾಮಚಂದ್ರ ರಾಯರ ಹಾಗೆ ಅವನಿಗೂ ಆರಿಸುವ ಅವಕಾಶ ಸಿಗಲೇ ಇಲ್ಲ. ಹೊರಗೆ ಬಂದ ಮೇಲೆ ಪ್ರಿಯಾಳ ಸಂಸಾರವನ್ನು ದೂರದಿಂದ ಕಾಯುತ್ತಾನೆ, ಅವಳಿಗೆ ಗೊತ್ತಾಗದ ಹಾಗೆ ಸಹಾಯ ಮಾಡುತ್ತಾನೆ. ಕಣ್ಣೆದುರು ಇರುವ ಸುರಭಿಗೆ ಅವನ ಅರ್ಧ ಮನಸ್ಸು ಮಾತ್ರ ಸಿಗುತ್ತದೆ. ಮನು–ಪ್ರಿಯಾ ಬಗ್ಗೆ ಜನ ಆಡುವ ಮಾತಿನಲ್ಲಿ ಸುರಭಿಯ ಹೆಸರು ಕಡಿಮೆ. ಚೈತ್ರಾ ಆಚಾರ್ ಆ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದ್ದರೂ. ‘ಎರಡು ಕನಸು’ವಿನಲ್ಲಿ ಗೌರಿಯ ಕಾಯುವಿಕೆಗೆ ಒಂದು ಕೊನೆ ಇತ್ತು. ಸುಮಾರು ಐವತ್ತು ವರ್ಷದ ನಂತರ ಬಂದ ಸುರಭಿಗೆ ಅಂಥ ಮನೆಯೂ ಇಲ್ಲ, ತಾಳಿಯೂ ಇಲ್ಲ. ಎರಡೂ ಚಿತ್ರ ಬಲ್ಲವರು ಮುಂದಿನ ಸಲ ಎರಡನೆಯ ಭಾಗವನ್ನು ಅವಳ ಕಡೆಯಿಂದ ನೋಡಲಿ. ಕಥೆ ಅದೇ, ಆದರೆ ತೂಕ ಬೇರೆ ಕಡೆ ವಾಲುತ್ತದೆ.